ಪಾವತಿಸಲಾಗುವುದು: ಸರ್ಕಾರ ಯಾವಾಗ ದುಡ್ಡು ಕೊಡುತ್ತದೆ?

ಕಳೆದ ವರ್ಷ ಕರ್ನಾಟಕದ ಒಂದು ಸರ್ಕಾರಿ ಕಚೇರಿಗಾಗಿ ನಲವತ್ತೆಂಟು ಪುಟಗಳ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದೆ. ಪುಣೆಯಲ್ಲಿ ಕೂತು ಮಾಡಿದ ಕೆಲಸ. ಅವರು ಹೇಳಿದ ಗಡುವಿಗೆ ಎರಡು ದಿನ ಮೊದಲೇ ಮುಗಿಸಿ ಕಳಿಸಿದೆ. ಕೈಪಿಡಿ ಅಚ್ಚಾಯಿತು, ಹಂಚಿದ್ದೂ ಆಯಿತು. ಬಿಲ್ಲು ಮಾತ್ರ ಹನ್ನೊಂದು ತಿಂಗಳಾದರೂ ಪಾಸಾಗಲಿಲ್ಲ. ಐದಾರು ಫೋನು, ಮೂರು ಇ-ಮೇಲ್ ಆದ ಮೇಲೆ ಒಂದೇ ಸಾಲಿನ ಉತ್ತರ ಬಂತು: "ಅನುದಾನ ಬಿಡುಗಡೆಯಾದ ನಂತರ ನಿಯಮಾನುಸಾರ ಪಾವತಿಸಲಾಗುವುದು."

ಭಾಷಾವಿಜ್ಞಾನ ಓದಿದವರಿಗೆ ಇಂಥ ವಾಕ್ಯ ಕಂಡರೆ ಸಿಟ್ಟಿಗಿಂತ ಮೊದಲು ಕುತೂಹಲ ಬರುತ್ತದೆ. ಮನೆಯಲ್ಲಿ, ಅಂಗಡಿಯಲ್ಲಿ ನಾವು "ಕೊಡ್ತೀನಿ" ಅನ್ನುತ್ತೇವೆ. ಆ ಮಾತಿನಲ್ಲಿ ಕೊಡುವವರು ಯಾರು ಎಂಬುದು ಕ್ರಿಯಾಪದದ ಕೊನೆಗೇ ಅಂಟಿಕೊಂಡಿರುತ್ತದೆ. "ಪಾವತಿಸಲಾಗುವುದು" ಎಂಬಲ್ಲಿ ಕೊಡುವವರೇ ಇಲ್ಲ. ದಿನವೂ ಇಲ್ಲ, ನನಗಿಂತ ಮುಂದೆ ಎಷ್ಟು ಜನ ಕಾದಿದ್ದಾರೆ ಎಂಬ ಲೆಕ್ಕವೂ ಇಲ್ಲ. ನೀವು ದೆಹಲಿಯಲ್ಲಿದ್ದರೆ ಇದೇ ಮಾತನ್ನು "ಭುಗತಾನ್ ಕಿಯಾ ಜಾಯೇಗಾ" ಎಂದು ಕೇಳಿರುತ್ತೀರಿ. ಪುಣೆ, ಮುಂಬೈಗಳಲ್ಲಿ "ಅದಾ ಕರಣ್ಯಾತ್ ಯೇಈಲ್" ಎಂದು ಓದಿರುತ್ತೀರಿ. ಕರ್ತೃವನ್ನು ಮರೆಸುವುದರಲ್ಲಿ ನಮ್ಮ ಕಚೇರಿ ಭಾಷೆಗಳೆಲ್ಲ ಒಂದೇ.

ಈ ವಾಕ್ಯ ನನಗೆ ಹೊಸದಲ್ಲ. ಗದಗಿನಲ್ಲಿ ನನ್ನ ಸೋದರಮಾವ ಒಂದು ಸಣ್ಣ ಮುದ್ರಣಾಲಯ ನಡೆಸುತ್ತಿದ್ದರು. ಕಚೇರಿಗಳಿಗೆ ಬೇಕಾದ ರಿಜಿಸ್ಟರು, ಫಾರಂ, ರಸೀದಿ ಪುಸ್ತಕ ಅವರ ಮುಖ್ಯ ಕೆಲಸ. ಕಾಗದದ ಅಂಗಡಿಯವರಿಗೆ ಮೂವತ್ತು ದಿನದಲ್ಲಿ ದುಡ್ಡು ಕೊಡಬೇಕು, ಕೆಲಸದವರಿಗೆ ವಾರಕ್ಕೊಮ್ಮೆ ಬಟವಾಡೆ ಮಾಡಬೇಕು, ಸರ್ಕಾರದಿಂದ ಬರುವುದು ಮಾತ್ರ ಮುಂದಿನ ಮಾರ್ಚಿಗೆ, ಇಲ್ಲವೇ ಅದರಾಚೆಯ ಮಾರ್ಚಿಗೆ. ನಡುವಿನ ಹೊಂಡ ತುಂಬಲು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲ. "ಸರ್ಕಾರದ ರೊಕ್ಕ ಮುಳುಗೂದಿಲ್ಲ ಬಿಡು," ಅನ್ನುತ್ತಿದ್ದರು ಮಾಮಾ, "ಆದ್ರ ಅದು ಬರೂದ್ರಾಗ ನಾವು ಮುಳುಗಿರ್ತೀವಿ." ಮುದ್ರಣಾಲಯ ಮುಚ್ಚಿ ಒಂಬತ್ತು ವರ್ಷವಾಯಿತು. ಮುಚ್ಚಿದ ದಿನವೂ ಮೂರು ಕಚೇರಿಗಳಿಂದ ಬಾಕಿ ಬರಬೇಕಿತ್ತು.

ಸರ್ಕಾರಗಳು ಸರಕು ಕೊಟ್ಟವರಿಗೆ ದುಡ್ಡು ಕೊಡದೆ ಕಾಯಿಸುವುದು ಯಾವಾಗಿನಿಂದ, ಅದನ್ನು ಸರಿಪಡಿಸಲು ಯಾರಾದರೂ ಪ್ರಯತ್ನಿಸಿದ್ದಾರೆಯೇ ಎಂದು ಹುಡುಕುತ್ತಾ ಹೋದೆ. ಹಾದಿ ನನ್ನನ್ನು 17ನೇ ಶತಮಾನದ ಲಂಡನ್ನಿಗೆ ಕರೆದೊಯ್ದಿತು. ನಮ್ಮ ಇಂದಿನ ಖಜಾನೆ ಪದ್ಧತಿಯ ಬಹುಪಾಲು ಬ್ರಿಟಿಷರಿಂದ ಬಂದದ್ದು, ಹಾಗಾಗಿ ಅಲ್ಲಿಂದ ಶುರುಮಾಡುವುದು ತಪ್ಪಾಗಲಾರದು.

ಕೈಗವಸಿನೊಳಗಿನ ಚಿನ್ನ

1660ರಲ್ಲಿ ಎರಡನೇ ಚಾರ್ಲ್ಸ್ ಇಂಗ್ಲೆಂಡಿನ ಗಾದಿಗೆ ಬಂದಾಗ ಅವನ ನೌಕಾಪಡೆ ದೇಶದಲ್ಲೇ ಅತಿ ದೊಡ್ಡ ಗಿರಾಕಿ. ಮರದ ದಿಮ್ಮಿ, ಕೂವೆಮರ, ಸೆಣಬು, ಟಾರು, ಹಗ್ಗ, ಹಾಯಿಬಟ್ಟೆ, ಒಣರೊಟ್ಟಿ, ಉಪ್ಪು ಹಾಕಿದ ಮಾಂಸ, ಬಿಯರು, ಎಲ್ಲವೂ ಬೇಕಿತ್ತು. ಇವನ್ನು ಕೊಳ್ಳುವ ನೌಕಾ ಕಚೇರಿಯಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ಎಂಬ ಯುವಕ ಅಧಿಕಾರಿಯಾಗಿದ್ದ. 1660ರಿಂದ 1669ರವರೆಗೆ ಅವನು ಬರೆದಿಟ್ಟ ದಿನಚರಿ ಇಂದು ಪ್ರಸಿದ್ಧ. ಸರಕು ಕೊಟ್ಟವರ ಪಾಡನ್ನು ಕಚೇರಿಯ ಒಳಗಿನಿಂದ ಕಂಡ ಅಪರೂಪದ ದಾಖಲೆ ಅದು.

ಆಗಿನ ಪದ್ಧತಿ ಹೀಗಿತ್ತು. ಸರಕು ಬಂದ ಮೇಲೆ ಕಚೇರಿ ಒಂದು ಬಿಲ್ಲು ಬರೆದುಕೊಡುತ್ತಿತ್ತು. ಖಜಾನೆಯಲ್ಲಿ ದುಡ್ಡಿದ್ದಾಗ, ಖಜಾಂಚಿಯ ಮನಸ್ಸಿದ್ದಾಗ ಅದು ನಗದಾಗುತ್ತಿತ್ತು. ನಾವಿಕರಿಗೂ ಸಂಬಳದ ಬದಲು ಚೀಟಿ ಕೊಡುತ್ತಿದ್ದರು. ಆ ಚೀಟಿಯನ್ನು ಲಂಡನ್ನಿನ ಕಚೇರಿಗೆ ತಂದು ಕಾಯಬೇಕು. ಕಾಯಲಾಗದವರು ಹೆಂಡದಂಗಡಿಯವರಿಗೆ ಕಡಿಮೆ ಬೆಲೆಗೆ ಮಾರಿಕೊಳ್ಳುತ್ತಿದ್ದರು. ಯಾರ ಬಿಲ್ಲು ಮೊದಲು, ಯಾರದ್ದು ಆಮೇಲೆ ಎಂಬುದಕ್ಕೆ ನಿಯಮವಿರಲಿಲ್ಲ.

ನಿಯಮವಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ 1664ರ ಫೆಬ್ರವರಿಯ ಒಂದು ಘಟನೆ ಸಾಕು. ಸರ್ ವಿಲಿಯಂ ವಾರೆನ್ ನೌಕಾಪಡೆಗೆ ಮರ ಒದಗಿಸುತ್ತಿದ್ದ ದೊಡ್ಡ ವ್ಯಾಪಾರಿ. ಅವನು ಪೀಪ್ಸ್‌ನ ಹೆಂಡತಿಗೆಂದು ಕಾಗದದಲ್ಲಿ ಸುತ್ತಿದ ಒಂದು ಜೊತೆ ಕೈಗವಸು ಕೊಟ್ಟ. ಮುಟ್ಟಿದರೆ ಗಟ್ಟಿಯಾಗಿತ್ತು. ಪೀಪ್ಸ್ ಅದನ್ನು ಅಲ್ಲೇ ಬಿಚ್ಚಲಿಲ್ಲ. ಮನೆಗೆ ಬಂದು, ಹೆಂಡತಿ ಕೋಣೆಯಿಂದ ಯಾವಾಗ ಹೊರಗೆ ಹೋಗುತ್ತಾಳೋ ಎಂದು ಚಡಪಡಿಸಿ, ಆಮೇಲೆ ಬಿಚ್ಚಿ ನೋಡಿದರೆ ಬಿಳಿ ಕೈಗವಸಿನ ಜೊತೆಗೆ ನಲವತ್ತು ಚಿನ್ನದ ನಾಣ್ಯ! ಅವನಿಗಾದ ಖುಷಿಯನ್ನೂ ಮುಚ್ಚಿಡದೆ ಬರೆದಿದ್ದಾನೆ. ವಾರೆನ್‌ಗೆ ಗುತ್ತಿಗೆಯೂ ಬೇಕಿತ್ತು, ಕೊಟ್ಟ ಸರಕಿನ ದುಡ್ಡು ಬೇಗ ಕೈಸೇರುವುದೂ ಬೇಕಿತ್ತು. ಸರದಿ ಯಾರಿಗೂ ಕಾಣದಿದ್ದಾಗ ಅದನ್ನು ಹಿಂದೆ ಮುಂದೆ ಮಾಡುವ ಕೈಗೆ ಬೆಲೆ ಬರುತ್ತದೆ.

ಹಾಗೆ ಕೊಡಲಾಗದ ವ್ಯಾಪಾರಿಗಳು ಇನ್ನೊಂದು ದಾರಿ ಹಿಡಿದರು, ಬೆಲೆಯನ್ನೇ ಏರಿಸಿದರು. ಅದೇ ಹಗ್ಗ, ಅದೇ ಟಾರು ನಗದು ಕೊಡುವವರಿಗೆ ಒಂದು ದರ, ನೌಕಾಪಡೆಗೆ ಇನ್ನೊಂದು ದರ. ಪೀಪ್ಸ್‌ಗೂ ಅವನ ಸಹೋದ್ಯೋಗಿಗಳಿಗೂ ಇದು ಚೆನ್ನಾಗಿ ಗೊತ್ತಿತ್ತು. ನನ್ನ ಮಾಮಾನೂ ಇದನ್ನೇ ಮಾಡುತ್ತಿದ್ದರು. ಅವರ ನೋಟ್‌ಬುಕ್ಕಿನಲ್ಲಿ ಎರಡು ದರಪಟ್ಟಿ ಇರುತ್ತಿದ್ದವು, ಒಂದು ಅಂಗಡಿಯವರಿಗೆ, ಇನ್ನೊಂದು ಕಚೇರಿಯವರಿಗೆ. ತಡದ ಬಡ್ಡಿಯನ್ನು ಸರ್ಕಾರ ಕೊಟ್ಟೇ ಕೊಡುತ್ತದೆ. ಬಡ್ಡಿ ಎಂಬ ಹೆಸರಿನಲ್ಲಿ ಕೊಡುವುದಿಲ್ಲ, ಅಷ್ಟೆ.

ಡೌನಿಂಗ್ ಹಾಕಿದ ಸರದಿ

1665ರಲ್ಲಿ ಡಚ್ಚರ ಮೇಲೆ ಯುದ್ಧ ಶುರುವಾಯಿತು. ಅದೇ ವರ್ಷ ಲಂಡನ್ನಿಗೆ ಪ್ಲೇಗು ಬಡಿಯಿತು. ಅಕ್ಟೋಬರಿನ ಹೊತ್ತಿಗೆ ಸಂಬಳವಿಲ್ಲದ ನಾವಿಕರು ನೌಕಾ ಕಚೇರಿಯ ಮುಂದೆ ಹಸಿದು ಬಿದ್ದಿದ್ದನ್ನು ಪೀಪ್ಸ್ ಸಂಕಟದಿಂದ ದಾಖಲಿಸಿದ್ದಾನೆ. ರಾಜನಿಗೆ ಸಾಲ ಕೊಡುತ್ತಿದ್ದವರು ಲಂಡನ್ನಿನ ಅಕ್ಕಸಾಲಿ-ಸಾಹುಕಾರರು. ಕಾನೂನು ಒಪ್ಪುತ್ತಿದ್ದ ಬಡ್ಡಿ ಶೇ 6. ಅವರು ರಾಜನಿಂದ ಪಡೆಯುತ್ತಿದ್ದದ್ದು ಶೇ 10ರವರೆಗೆ.

ಪ್ಲೇಗಿಗೆ ಹೆದರಿ ಪಾರ್ಲಿಮೆಂಟು ಆಕ್ಸ್‌ಫರ್ಡಿನಲ್ಲಿ ಸೇರಿತು. ಯುದ್ಧಕ್ಕೆ 12 ಲಕ್ಷ 50 ಸಾವಿರ ಪೌಂಡಿನ ಹೆಚ್ಚುವರಿ ತೆರಿಗೆಗೆ ಒಪ್ಪಿಗೆ ಕೇಳಲಾಯಿತು. ಆ ಮಸೂದೆಯಲ್ಲಿ ಜಾರ್ಜ್ ಡೌನಿಂಗ್ ಎಂಬಾತ ಒಂದು ವಿಚಿತ್ರವಾದ ಷರತ್ತು ಸೇರಿಸಿದ. ಇವನು ಅಮೆರಿಕದ ಹಾರ್ವರ್ಡ್ ಕಾಲೇಜಿನಿಂದ 1642ರಲ್ಲಿ ಹೊರಬಂದ ಮೊದಲ ತಂಡದ ಪದವೀಧರರಲ್ಲೊಬ್ಬ. ಲಂಡನ್ನಿನ ಡೌನಿಂಗ್ ಸ್ಟ್ರೀಟಿಗೆ ಇವನದೇ ಹೆಸರು. ಹೇಗ್ ನಗರದಲ್ಲಿ ರಾಯಭಾರಿಯಾಗಿದ್ದು, ಡಚ್ ಸರ್ಕಾರಕ್ಕೆ ಅಷ್ಟು ಕಡಿಮೆ ಬಡ್ಡಿಗೆ ಸಾಲ ಹೇಗೆ ಹುಟ್ಟುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದ.

ಷರತ್ತು ಸರಳವಾಗಿತ್ತು. ಈ ತೆರಿಗೆಯ ಭರವಸೆಯ ಮೇಲೆ ಯಾರು ಸಾಲ ಕೊಟ್ಟರೂ, ಯಾರು ಸರಕು ಕೊಟ್ಟರೂ ಅವರಿಗೊಂದು ಕ್ರಮಸಂಖ್ಯೆಯ ಆದೇಶಪತ್ರ ಸಿಗುತ್ತದೆ. ಆ ಸಂಖ್ಯೆ ಎಕ್ಸ್‌ಚೆಕರ್ ಎಂಬ ರಾಜಖಜಾನೆಯ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ. ಸಂಬಂಧಪಟ್ಟವರು ಯಾರು ಬೇಕಾದರೂ ಬಂದು ರಿಜಿಸ್ಟರು ನೋಡಬಹುದು. ತೆರಿಗೆ ಬಂದ ಹಾಗೆ ಸಂಖ್ಯೆಯ ಪ್ರಕಾರವೇ ಪಾವತಿ ಆಗಬೇಕು, ಕಾಯುವ ಕಾಲಕ್ಕೆ ಶೇ 6 ಬಡ್ಡಿ. ಯಾವ ಅಧಿಕಾರಿಯಾದರೂ ಸರದಿ ತಪ್ಪಿಸಿ ಒಬ್ಬರಿಗೆ ಮೊದಲು ಕೊಟ್ಟರೆ ಅವನ ಮೇಲೆ ದಾವೆ ಹೂಡಬಹುದು.

ನಮ್ಮ ಕಣ್ಣಿಗೆ ಇದು ರೇಷನ್ ಅಂಗಡಿಯ ಕ್ಯೂ. ಆ ಕಾಲಕ್ಕೆ ಇದು ಕ್ರಾಂತಿ. ಯಾರಿಗೆ ಮೊದಲು ಕೊಡಬೇಕೆಂಬುದು ಅಲ್ಲಿಯವರೆಗೆ ರಾಜನ ಇಚ್ಛೆ. ಇನ್ನು ಮುಂದೆ ರಾಜನೂ ತನ್ನ ಸರದಿಯ ಪುಸ್ತಕಕ್ಕೆ ತಲೆಬಾಗಬೇಕು. ಮಂತ್ರಿ ಕ್ಲಾರೆಂಡನ್ ಇದನ್ನು ಬಲವಾಗಿ ವಿರೋಧಿಸಿದ. ಸಾಹುಕಾರರಿಗೂ ಇಷ್ಟವಾಗಲಿಲ್ಲ. ಅವರನ್ನು ಬಿಟ್ಟು ಸಾಮಾನ್ಯ ವ್ಯಾಪಾರಿಗಳು, ವಿಧವೆಯರು ನೇರವಾಗಿ ಖಜಾನೆಗೆ ಸಾಲ ಕೊಡಬಹುದಾಗಿತ್ತಲ್ಲ! ಮುಂದೆ ಡೌನಿಂಗ್ ಖಜಾನೆ ಮಂಡಳಿಯ ಕಾರ್ಯದರ್ಶಿಯಾದ ಮೇಲೆ, ಯಾವ ಸಂಖ್ಯೆಯವರೆಗಿನ ಆದೇಶಗಳಿಗೆ ದುಡ್ಡು ಸಿದ್ಧವಿದೆ ಎಂಬುದನ್ನು ಲಂಡನ್ ಗೆಜೆಟ್‌ನಲ್ಲಿ ಪ್ರಕಟಿಸುವ ಏರ್ಪಾಡೂ ಬಂತು. ಸರ್ಕಾರದ ಬಾಕಿಯನ್ನು ಊರಿನವರೆಲ್ಲ ಓದಬಹುದಾಗಿತ್ತು.

ಕನ್ನಡದಲ್ಲಿ ‘ಸಾಲ’ ಮತ್ತು ‘ಸಾಲು’ ಎಂಬ ಪದಗಳು ಅಕ್ಕಪಕ್ಕದಲ್ಲೇ ಇವೆ. ಎರಡಕ್ಕೂ ಒಂದೇ ಬೇರು ಎಂದು ನಾನು ವಾದಿಸುತ್ತಿಲ್ಲ. ಡೌನಿಂಗ್ ಕಂಡುಕೊಂಡದ್ದನ್ನು ನೆನಪಿಡಲು ಮಾತ್ರ ಈ ಜೋಡಿ ಅನುಕೂಲ. ಸಾಲ ತೀರಿಸಲು ಇವತ್ತು ದುಡ್ಡಿಲ್ಲದಿದ್ದರೂ, ಸಾಲು ಮುರಿಯುವುದಿಲ್ಲ ಎಂಬ ಭರವಸೆ ಇದ್ದರೆ ಜನ ಕಾಯುತ್ತಾರೆ.

ಈ ಭರವಸೆ ಹಳೆಯ ಬಾಕಿಗಳಿಗೆ ಅನ್ವಯಿಸಲಿಲ್ಲ. 1666ರಲ್ಲಿ ಲಂಡನ್ ಸುಟ್ಟುಹೋಗಿ ಆದಾಯ ಇನ್ನೂ ಕುಸಿಯಿತು. 1667ರಲ್ಲಿ ದೊಡ್ಡ ಹಡಗುಗಳನ್ನು ಸಮುದ್ರಕ್ಕೆ ಇಳಿಸಲು ದುಡ್ಡಿಲ್ಲದೆ ಮೆಡ್‌ವೇ ನದಿಯಲ್ಲೇ ಕಟ್ಟಿಹಾಕಿದರು. ಜೂನ್ ತಿಂಗಳಲ್ಲಿ ಡಚ್ಚರು ನದಿಯೊಳಕ್ಕೆ ನುಗ್ಗಿ ಹಡಗುಗಳಿಗೆ ಬೆಂಕಿಯಿಟ್ಟರು, ‘ರಾಯಲ್ ಚಾರ್ಲ್ಸ್’ ಎಂಬ ಹೆಮ್ಮೆಯ ಹಡಗನ್ನು ಎಳೆದುಕೊಂಡು ಹೋದರು. ಅದರ ಹಿಂಬದಿಯ ಕೆತ್ತನೆ ಇಂದಿಗೂ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿದೆ. ಡಚ್ ಹಡಗುಗಳ ಮೇಲಿಂದ ಇಂಗ್ಲಿಷ್ ದನಿಗಳು ಕೇಳಿಬಂದವಂತೆ: ಇದುವರೆಗೆ ಚೀಟಿಗಾಗಿ ಕಾದಾಡಿದೆವು, ಈಗ ನಗದಿಗಾಗಿ ಕಾದಾಡುತ್ತಿದ್ದೇವೆ ಎಂಬರ್ಥದ ಕೂಗು. ಸಂಬಳ ಸಿಗದ ನಾವಿಕರು ಶತ್ರುವಿನ ಕಡೆ ಸೇರಿದ್ದರು. ಪೀಪ್ಸ್ ಇದನ್ನು ಕೇಳಿ ಬರೆದುಕೊಂಡಿದ್ದಾನೆ.

ನೌಕಾಪಡೆಗೆ ಆಹಾರ ಒದಗಿಸುತ್ತಿದ್ದ ಡೆನಿಸ್ ಗಾಡೆನ್‌ನ ಕತೆ ಇನ್ನೂ ಮೌನವಾದದ್ದು. ಅವನಿಗೆ ಬರಬೇಕಾದ ಬಾಕಿ ಬೆಳೆಯುತ್ತಲೇ ಹೋಗಿ ಅವನೇ ಸಾಲದಲ್ಲಿ ಮುಳುಗಿದ. ಕ್ಲ್ಯಾಪಮ್‌ನಲ್ಲಿದ್ದ ಅವನ ಭವ್ಯ ಮನೆ ಪೀಪ್ಸ್‌ನ ಗುಮಾಸ್ತನಾಗಿದ್ದ ವಿಲಿಯಂ ಹ್ಯೂಯರ್‌ನ ಕೈಸೇರಿತು. 1703ರಲ್ಲಿ ಪೀಪ್ಸ್ ಕೊನೆಯುಸಿರೆಳೆದದ್ದು ಅದೇ ಮನೆಯಲ್ಲಿ.

ಸಾಲು ಮುರಿದ ದಿನ

ಡೌನಿಂಗ್‌ನ ಪದ್ಧತಿ ಚೆನ್ನಾಗಿ ನಡೆದದ್ದೇ ಅದಕ್ಕೆ ಮುಳುವಾಯಿತು. ಮೊದಲು ಒಂದು ನಿರ್ದಿಷ್ಟ ತೆರಿಗೆಯ ಮೇಲಷ್ಟೇ ಆದೇಶಪತ್ರ ಕೊಡುತ್ತಿದ್ದರು. ಜನ ನಂಬುತ್ತಾರೆಂದು ಗೊತ್ತಾದ ಮೇಲೆ ಒಟ್ಟು ಆದಾಯದ ಮೇಲೆ, ಅಂದರೆ ಯಾವ ಖಚಿತ ಮೂಲವೂ ಇಲ್ಲದೆ, ಆದೇಶ ಬರೆಯತೊಡಗಿದರು. 1672ರ ಜನವರಿಯಲ್ಲಿ, ಡಚ್ಚರ ಮೇಲೆ ಮತ್ತೊಂದು ಯುದ್ಧಕ್ಕೆ ಸಿದ್ಧನಾಗುತ್ತಿದ್ದ ರಾಜ ಈ ಪಾವತಿಗಳನ್ನೆಲ್ಲ ಒಂದು ವರ್ಷ ತಡೆಹಿಡಿದ. ಆ ಒಂದು ವರ್ಷ ಮುಗಿಯಲೇ ಇಲ್ಲ.

ಅಷ್ಟರಲ್ಲಿ ಆದೇಶಪತ್ರಗಳಲ್ಲಿ ಹೆಚ್ಚಿನವು ಸಾಹುಕಾರರ ಕೈ ಸೇರಿದ್ದವು. ಕಾಯಲಾಗದ ವ್ಯಾಪಾರಿಗಳು ಅವನ್ನು ಸೋಡಿಗೆ, ಅಂದರೆ ಮುಖಬೆಲೆಗಿಂತ ಕಡಿಮೆಗೆ, ಮಾರಿಕೊಂಡಿದ್ದರು. ಸಾಹುಕಾರರಿಗೆ ಸಿಕ್ಕಿಬಿದ್ದ ಮೊತ್ತ ಸುಮಾರು 13 ಲಕ್ಷ ಪೌಂಡು. ಅದು ಅವರ ಬಳಿ ಠೇವಣಿ ಇಟ್ಟ ಸಾವಿರಾರು ಜನರ ದುಡ್ಡು. ಎಡ್ವರ್ಡ್ ಬ್ಯಾಕ್‌ವೆಲ್, ರಾಬರ್ಟ್ ವೈನರ್ ಮುಂತಾದ ದೊಡ್ಡ ಸಾಹುಕಾರರು ಕ್ರಮೇಣ ದಿವಾಳಿಯಾದರು. ದುಡ್ಡಿಗಾಗಿ ಹೂಡಿದ ದಾವೆ 1690ರ ದಶಕದುದ್ದಕ್ಕೂ ನಡೆದು, 1700ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವರ ಪರವಾಗಿ ತೀರ್ಪು ಕೊಟ್ಟಿತು. ತೀರ್ಪು ಬಂದ ಮೇಲೂ ಪಾರ್ಲಿಮೆಂಟು ಪೂರ್ತಿ ಕೊಡಲಿಲ್ಲ. 1705ರಿಂದ ಶೇ 3 ಬಡ್ಡಿ, ಇಲ್ಲವೇ ಅಸಲಿನ ಅರ್ಧ ಕೊಟ್ಟು ಕೈತೊಳೆದುಕೊಳ್ಳುವ ಅವಕಾಶ. ದಾವೆಯಲ್ಲಿ ಗೆಲ್ಲುವುದೂ ದುಡ್ಡು ಕೈಗೆ ಬರುವುದೂ ಬೇರೆ ಬೇರೆ ಎಂಬುದನ್ನು ಕೋರ್ಟಿನ ಮೆಟ್ಟಿಲು ಹತ್ತಿದ ಯಾವ ಗುತ್ತಿಗೆದಾರರಿಗೂ ವಿವರಿಸಬೇಕಿಲ್ಲ.

ನೌಕಾಪಡೆಯ ಬಿಲ್ಲುಗಳ ಕತೆ ಇನ್ನೂ ವಿಚಿತ್ರ ತಿರುವು ಪಡೆಯಿತು. ಅವಕ್ಕೂ ಸಂಖ್ಯೆ, ಸರದಿ ಬಂದಿದ್ದವು. ಆದರೆ ಫ್ರಾನ್ಸಿನ ಮೇಲಿನ ದೀರ್ಘ ಯುದ್ಧದಲ್ಲಿ ಸರದಿ ಎಷ್ಟು ಉದ್ದವಾಯಿತೆಂದರೆ, 1710ರ ಹೊತ್ತಿಗೆ ಬಿಲ್ಲುಗಳು ಮುಖಬೆಲೆಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆಗೆ ಮಾರಾಟವಾಗುತ್ತಿದ್ದವು. 1711ರಲ್ಲಿ ಮಂತ್ರಿ ರಾಬರ್ಟ್ ಹಾರ್ಲಿ ಒಂದು ಉಪಾಯ ಮಾಡಿದ. ಹೀಗೆ ಬಾಕಿ ಉಳಿದಿದ್ದ 90 ಲಕ್ಷ ಪೌಂಡಿಗೂ ಮೀರಿದ ಸಾಲವನ್ನು ಒಂದು ಹೊಸ ಕಂಪನಿಯ ಷೇರುಗಳಾಗಿ ಬದಲಾಯಿಸಿದ. ಹಗ್ಗ, ಹಿಟ್ಟು ಕೊಟ್ಟು ದುಡ್ಡಿಗೆ ಕಾದಿದ್ದವರು ದಕ್ಷಿಣ ಅಮೆರಿಕದ ಜೊತೆ ವ್ಯಾಪಾರ ಮಾಡುವ ಕಂಪನಿಯ ಪಾಲುದಾರರಾಗಿಬಿಟ್ಟರು! ಒಳಸುದ್ದಿ ಗೊತ್ತಿದ್ದವರು ಮೊದಲೇ ಕಡಿಮೆ ಬೆಲೆಗೆ ಬಿಲ್ಲು ಕೊಂಡಿಟ್ಟು ಲಾಭ ಮಾಡಿಕೊಂಡರು. ಆ ಕಂಪನಿಯೇ ಸೌತ್ ಸೀ ಕಂಪನಿ. 1720ರಲ್ಲಿ ಅದರ ಷೇರಿನ ಗುಳ್ಳೆ ಒಡೆದದ್ದನ್ನು ಅರ್ಥಶಾಸ್ತ್ರ ಓದಿದವರೆಲ್ಲ ಕೇಳಿದ್ದೇವೆ. ಅದರ ತಳದಲ್ಲಿದ್ದದ್ದು ಸರ್ಕಾರ ಹೊತ್ತಿಗೆ ಕೊಡದ ಬಿಲ್ಲುಗಳು ಎಂಬುದನ್ನು ಕೇಳಿದವರು ಕಡಿಮೆ.

ತಪ್ಪಾಗಿ ಕೊಟ್ಟವನು, ತಡವಾಗಿ ಕೊಟ್ಟವನು

19ನೇ ಶತಮಾನದ ಹೊತ್ತಿಗೆ ಬ್ರಿಟಿಷ್ ಖಜಾನೆಯಲ್ಲಿ ದುಡ್ಡಿನ ಕೊರತೆ ಮೊದಲಿನಂತಿರಲಿಲ್ಲ. ಸಮಸ್ಯೆ ಖಜಾನೆಯಿಂದ ಕಚೇರಿಯ ಮೇಜಿಗೆ ಬಂತು. ವರ್ಷಕ್ಕೊಮ್ಮೆ ಬಜೆಟ್, ಶೀರ್ಷಿಕೆವಾರು ಅನುದಾನ, ಖರ್ಚಾಗದ್ದನ್ನು ವರ್ಷಾಂತ್ಯಕ್ಕೆ ಹಿಂದಿರುಗಿಸುವುದು, ಎಲ್ಲದಕ್ಕೂ ಲೆಕ್ಕಪರಿಶೋಧನೆ. ಈ ಚೌಕಟ್ಟು ಬ್ರಿಟನ್ನಿನಲ್ಲಿ ಗಟ್ಟಿಯಾಗುತ್ತಿದ್ದ ಕಾಲದಲ್ಲೇ ನಮಗೂ ಬಂತು. 1860ರ ಏಪ್ರಿಲ್‌ನಲ್ಲಿ ಜೇಮ್ಸ್ ವಿಲ್ಸನ್ ಭಾರತದ ಮೊದಲ ಬಜೆಟ್ ಮಂಡಿಸಿದ. ಅದೇ ವರ್ಷ ಆಡಿಟರ್ ಜನರಲ್ ಹುದ್ದೆ ಬಂತು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕದ ವರ್ಷ 1867ರಲ್ಲಿ ಶುರುವಾಯಿತು. ಮಾರ್ಚ್ 31ರ ರಾತ್ರಿ ಖಜಾನೆಗಳಲ್ಲಿ ದೀಪ ಉರಿಯುವುದು ಅಂದಿನಿಂದ ಬಂದ ಪದ್ಧತಿ.

ಈ ಚೌಕಟ್ಟು ಕಳ್ಳತನ ತಡೆಯಲು ಒಳ್ಳೆಯದೇ. ಆದರೆ ಅದು ಒಂದು ಕಡೆಗೆ ಮಾತ್ರ ಕಣ್ಣಿಟ್ಟಿದೆ. ಒಬ್ಬ ಅಧಿಕಾರಿ ತಪ್ಪು ಬಿಲ್ಲಿಗೆ ಸಹಿ ಹಾಕಿದರೆ ಆಡಿಟ್ ಆಕ್ಷೇಪಣೆ ಬರುತ್ತದೆ, ವಿಚಾರಣೆ ನಡೆಯುತ್ತದೆ, ಪಿಂಚಣಿಗೂ ಕುತ್ತು ಬರಬಹುದು. ಸರಿಯಾದ ಬಿಲ್ಲನ್ನು ಹನ್ನೊಂದು ತಿಂಗಳು ಮೇಜಿನ ಮೇಲೆ ಇಟ್ಟುಕೊಂಡರೆ ಅವರಿಗೆ ಏನೂ ಆಗುವುದಿಲ್ಲ. ಹಾಗಿರುವಾಗ ಬುದ್ಧಿವಂತ ಗುಮಾಸ್ತ ಏನು ಮಾಡಬೇಕು? ಇನ್ನೊಂದು ಪ್ರಶ್ನೆ ಬರೆದು ಕಡತವನ್ನು ಹಿಂದಕ್ಕೆ ಕಳಿಸಬೇಕು. ನನ್ನ ಬಿಲ್ಲಿನ ವಿಷಯದಲ್ಲಿ ಆದದ್ದೂ ಅದೇ. ಮೊದಲು ಪ್ಯಾನ್ ಪ್ರತಿ ಕೇಳಿದರು, ಎರಡು ತಿಂಗಳ ಮೇಲೆ ರದ್ದುಪಡಿಸಿದ ಚೆಕ್ ಕೇಳಿದರು, ಆಮೇಲೆ ಬಿಲ್ಲಿನಲ್ಲಿ ‘ಅನುವಾದ’ ಎಂದಿದೆ, ಕಾರ್ಯಾದೇಶದಲ್ಲಿ ‘ಭಾಷಾಂತರ’ ಎಂದಿದೆ, ಸರಿಪಡಿಸಿ ಎಂದರು. ಫೋನಿನಲ್ಲಿ ಮಾತಾಡಿದ ಗುಮಾಸ್ತರು ಕೆಟ್ಟವರಲ್ಲ. "ಮೇಡಂ, ನಾಳೆ ಆಡಿಟ್‌ನವ್ರು ನನ್ನನ್ನ ಕೇಳ್ತಾರೆ, ನಿಮ್ಮನ್ನಲ್ಲ" ಎಂದರು. ಅವರು ಹೇಳಿದ್ದು ನಿಜ.

ಈ ಒಕ್ಕಣ್ಣಿಗೆ ಮದ್ದು ಹುಡುಕಿದ ಒಂದು ಕಾನೂನು ಅಮೆರಿಕದ್ದು. ಕೇಂದ್ರ ಸರ್ಕಾರದ ಇಲಾಖೆಗಳು ಸರಿಯಾದ ಬಿಲ್ಲು ಬಂದ 30 ದಿನಗಳೊಳಗೆ ದುಡ್ಡು ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು ಎಂದು 1982ರ ಪ್ರಾಂಪ್ಟ್ ಪೇಮೆಂಟ್ ಆ್ಯಕ್ಟ್ ಹೇಳಿತು. ಅದರಲ್ಲಿ 15 ದಿನಗಳ ರಿಯಾಯಿತಿ ಇತ್ತು. ಇಲಾಖೆಗಳು ಆ ರಿಯಾಯಿತಿಯನ್ನೇ ಗಡುವು ಮಾಡಿಕೊಂಡವು. 1988ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಈ ಕಾನೂನಿನಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಎರಡು ಅಂಶ. ಬಡ್ಡಿಯನ್ನು ಪೂರೈಕೆದಾರರು ಕೇಳಬೇಕಿಲ್ಲ, ಕೇಳದಿದ್ದರೂ ಇಲಾಖೆಯೇ ಸೇರಿಸಿ ಕೊಡಬೇಕು. ಆ ಬಡ್ಡಿಗೆ ಬೇರೆ ಅನುದಾನ ಸಿಗುವುದಿಲ್ಲ, ಆ ಕಾರ್ಯಕ್ರಮಕ್ಕೆಂದು ಇಟ್ಟ ದುಡ್ಡಿನಲ್ಲೇ ಕಳೆಯಬೇಕು. ತಡ ಮಾಡಿದವರಿಗೇ ತಡದ ಪೆಟ್ಟು.

ಯೂರೋಪ್ ಇನ್ನೊಂದು ಪಾಠ ಕಲಿಸುತ್ತದೆ. ಅಲ್ಲಿ 2011ರ ನಿರ್ದೇಶನದ ಪ್ರಕಾರ ಸರ್ಕಾರಿ ಸಂಸ್ಥೆಗಳಿಗೆ 30 ದಿನ, ಆಸ್ಪತ್ರೆಯಂಥವಕ್ಕೆ ಹೆಚ್ಚೆಂದರೆ 60 ದಿನ. ಇಟಲಿ ಇದನ್ನು ತನ್ನ ಕಾನೂನಾಗಿ ಬರೆದುಕೊಂಡಿತು, ಆದರೆ ಕಚೇರಿಗಳು ತಡ ಮಾಡುತ್ತಲೇ ಇದ್ದವು. ಕಾನೂನು ಬರೆದಿದ್ದೇವೆ, ತಡವಾದರೆ ಬಡ್ಡಿ ಕೇಳಬಹುದು, ನಮ್ಮ ಕರ್ತವ್ಯ ಅಲ್ಲಿಗೆ ಮುಗಿಯಿತು ಎಂಬುದು ಇಟಲಿಯ ವಾದ. ಹಾಗಲ್ಲ, ನಿಜವಾಗಿ ಹೊತ್ತಿಗೆ ದುಡ್ಡು ಕೊಡುವುದೇ ಕರ್ತವ್ಯ ಎಂದು 2020ರ ಜನವರಿಯಲ್ಲಿ ಯೂರೋಪಿನ ನ್ಯಾಯಾಲಯ ತೀರ್ಪಿತ್ತಿತು.

ಕಾನೂನಿದೆ, ಕೇಳುವವರಿಲ್ಲ

ನಮ್ಮಲ್ಲಿ ಕಾನೂನು ಇಲ್ಲವೆಂದುಕೊಂಡರೆ ತಪ್ಪು. ಸಣ್ಣ ಕೈಗಾರಿಕೆಗಳಿಗೆ ತಡವಾಗಿ ಕೊಟ್ಟರೆ ಬಡ್ಡಿ ಸೇರಿಸಬೇಕೆಂಬ ಕೇಂದ್ರದ ಕಾಯ್ದೆ 1993ರಲ್ಲೇ ಬಂತು. ಅದರ ಜಾಗಕ್ಕೆ ಬಂದ 2006ರ ಎಂಎಸ್‌ಎಂಇ ಕಾಯ್ದೆ ಜಗತ್ತಿನ ಕಟ್ಟುನಿಟ್ಟಾದ ಕಾನೂನುಗಳಲ್ಲೊಂದು. ಒಪ್ಪಂದದಲ್ಲಿ ಏನೇ ಬರೆದಿರಲಿ, ಸರಕನ್ನು ಸ್ವೀಕರಿಸಿದ 45 ದಿನಗಳೊಳಗೆ ದುಡ್ಡು ಕೊಡಲೇಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6.75 ಇದ್ದಾಗ ಇದು ವರ್ಷಕ್ಕೆ ಶೇ 20 ದಾಟುತ್ತದೆ. ದೂರು ಕೊಡಲು 2017ರಲ್ಲಿ ‘ಸಮಾಧಾನ್’ ಎಂಬ ಜಾಲತಾಣವೂ ಬಂತು.

ನನಗೆ ಉದ್ಯಮ್ ನೋಂದಣಿ ಇದೆ. ಕಾನೂನಿನ ಕಣ್ಣಿಗೆ ನಾನು, ನನ್ನ ಲ್ಯಾಪ್‌ಟಾಪು ಮತ್ತು ನಾಲ್ಕು ನಿಘಂಟು ಸೇರಿ ಒಂದು ‘ಸೂಕ್ಷ್ಮ ಉದ್ಯಮ’. ಆದರೂ ನಾನು ದೂರು ಕೊಟ್ಟಿಲ್ಲ. ಕಾರಣ ನಿಮಗೆ ಗೊತ್ತಿರುತ್ತದೆ. ಆ ಕಚೇರಿಯಲ್ಲಿ ಇನ್ನೂ ಎರಡು ಕೈಪಿಡಿಗಳ ಅನುವಾದ ಆಗಬೇಕಿದೆ. ದೂರು ಕೊಟ್ಟವರಿಗೆ ಅದು ಸಿಗುವುದಿಲ್ಲ. ಮಾಮಾ ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಡ್ಡಿ ಕೇಳಿರಲಿಲ್ಲ. ಕೇಳುವ ಭಾರವನ್ನು ಕಾಯುವವರ ಮೇಲೆ ಹೊರಿಸಿದ ಕಾನೂನು, ಎಷ್ಟು ಬಡ್ಡಿ ಬರೆದಿದ್ದರೂ, ಪುಸ್ತಕದಲ್ಲೇ ಉಳಿಯುತ್ತದೆ.

ಮತ್ತೆರಡು ಸಂಗತಿ ನೋಡಿ. ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ದುಡ್ಡನ್ನು ಆ ವರ್ಷದ ಖರ್ಚೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ ಎಂದು 2023ರಲ್ಲಿ ಆದಾಯ ತೆರಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಕಂಪನಿಗಳಿಗೆ ಇದು ಬಿಸಿ ಮುಟ್ಟಿಸಿತು. ಸರ್ಕಾರಿ ಇಲಾಖೆಗಳು ಆದಾಯ ತೆರಿಗೆಯನ್ನೇ ಕಟ್ಟುವುದಿಲ್ಲ, ಅವಕ್ಕೆ ಆ ಬಿಸಿ ತಾಗುವುದಿಲ್ಲ. ಇನ್ನು ಸರ್ಕಾರಿ ಖರೀದಿಯ ಜೆಮ್ ಜಾಲತಾಣದಲ್ಲಿ, ಸರಕು ಒಪ್ಪಿಕೊಂಡ 10 ದಿನಗಳೊಳಗೆ ದುಡ್ಡು ಕೊಡಬೇಕು, ತಡವಾದರೆ ತಿಂಗಳಿಗೆ ಶೇ 1 ದಂಡಬಡ್ಡಿ ಎಂದು 2020ರಲ್ಲಿ ಹಣಕಾಸು ಸಚಿವಾಲಯ ಆದೇಶಿಸಿತು. ಒಳ್ಳೆಯ ಆದೇಶವೇ. ಆದರೆ ಆ ಬಡ್ಡಿ ಹೋಗುವುದು ಜೆಮ್‌ನ ಖಾತೆಗೆ, ತರಬೇತಿಯಂಥ ಕೆಲಸಗಳಿಗೆ. ಕಾದವರಿಗಲ್ಲ.

ಬಿಲ್ಲನ್ನು ಸೋಡಿಗೆ ಮಾರುವ ಪದ್ಧತಿಯೂ ಮರಳಿ ಬಂದಿದೆ. ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಟ್ರೆಡ್ಸ್ ವೇದಿಕೆಗಳು 2017ರಿಂದ ನಡೆಯುತ್ತಿವೆ. ಖರೀದಿದಾರ ಒಪ್ಪಿದ ಬಿಲ್ಲನ್ನು ಅಲ್ಲಿ ಹಾಕಿದರೆ ಬ್ಯಾಂಕುಗಳು ಹರಾಜಿನಲ್ಲಿ ಕೂಗಿ, ಸ್ವಲ್ಪ ಕಡಿತ ಮಾಡಿ ದುಡ್ಡು ಕೊಡುತ್ತವೆ. 1710ರ ಲಂಡನ್ನಿನ ಸೋಡಿಗಿಂತ ಇದು ಎಷ್ಟೋ ಮೇಲು. ಆದರೂ ಕಾಯುವುದರ ಬೆಲೆ ಯಾರ ಜೇಬಿನಿಂದ ಹೋಗುತ್ತದೆ ಎಂಬುದನ್ನು ಗಮನಿಸಿ. ಇಲ್ಲಿಯೂ ಸರಕು ಕೊಟ್ಟವರದೇ.

ಹೀಗೆ ನೋಡಿದರೆ ಮುನ್ನೂರೈವತ್ತು ವರ್ಷಗಳ ಈ ಚರಿತ್ರೆ "ಪಾವತಿಸಲಾಗುವುದು" ಎಂಬ ಒಂದು ಪದದಲ್ಲಿ ಇಲ್ಲದಿರುವುದನ್ನು ತುಂಬುವ ಪ್ರಯತ್ನ. ಎಷ್ಟನೆಯವರಿಗೆ ಎಂಬುದನ್ನು 1665ರಲ್ಲಿ ಡೌನಿಂಗ್ ತುಂಬಿದ. ಯಾವ ದಿನದೊಳಗೆ ಎಂಬುದನ್ನು 20ನೇ ಶತಮಾನದ ಕಾನೂನುಗಳು ತುಂಬಿದವು. ಯಾರು ಕೊಡಬೇಕು, ಕೊಡದಿದ್ದರೆ ಯಾರಿಗೆ ನಷ್ಟ ಎಂಬುದನ್ನು ಕೆಲವೇ ದೇಶಗಳು ತುಂಬಿವೆ. ನಮ್ಮಲ್ಲಿ ದಿನ ಇದೆ, ಬಡ್ಡಿ ಇದೆ. ಕರ್ತೃ ಇನ್ನೂ ಇಲ್ಲ. ಸಾಲು ಇದ್ದರೂ ಕಾಯುವವರಿಗೆ ಕಾಣುವುದಿಲ್ಲ. ಬಾಕಿ ಬಿಲ್ಲುಗಳನ್ನು ಜ್ಯೇಷ್ಠತೆಯ ಪ್ರಕಾರ ಪಾವತಿಸಿ ಎಂದು ಕರ್ನಾಟಕದ ಗುತ್ತಿಗೆದಾರರು ಮತ್ತೆ ಮತ್ತೆ ಕೇಳುವ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಿರುತ್ತೇವೆ. ಅವರು ಕೇಳುತ್ತಿರುವುದು ಡೌನಿಂಗ್‌ನ ಷರತ್ತನ್ನೇ. ಎಲ್ಲ ಕಚೇರಿಗಳೂ ತಮ್ಮ ಬಾಕಿ ಬಿಲ್ಲುಗಳ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜಾಲತಾಣದಲ್ಲಿ ಹಾಕಲು ಹೊಸ ಕಾನೂನೂ ಬೇಡ, ದೊಡ್ಡ ಖರ್ಚೂ ಇಲ್ಲ. ಗೆಜೆಟ್ಟಿನಲ್ಲಿ ಅಚ್ಚೊತ್ತಿ ಹಂಚುತ್ತಿದ್ದ ಕಾಲದಲ್ಲೇ ಅದು ಸಾಧ್ಯವಾಗಿತ್ತು.

ಇದರಿಂದ ಯಾರಿಗೆ ಲಾಭ? ನನ್ನಂಥವರಿಗೆ ಮಾತ್ರವಲ್ಲ. ಕಾಯಲು ಶಕ್ತಿಯಿಲ್ಲದ ಸಣ್ಣವರು ಒಬ್ಬೊಬ್ಬರಾಗಿ ಸರ್ಕಾರಿ ಕೆಲಸ ಬಿಡುತ್ತಾರೆ. ಉಳಿಯುವವರು ದರದಲ್ಲಿ ಬಡ್ಡಿ ಸೇರಿಸಬಲ್ಲವರು, ಇಲ್ಲವೇ ಕೈಗವಸು ಕೊಡಬಲ್ಲವರು. ಶಾಲೆಯ ಬೆಂಚಿಗೆ, ಆಸ್ಪತ್ರೆಯ ಔಷಧಿಗೆ, ರಸ್ತೆಯ ಡಾಂಬರಿಗೆ ನಾವು ಹೆಚ್ಚು ಬೆಲೆ ತೆರುವುದರಲ್ಲಿ ಇದರ ಪಾಲೂ ಇದೆ.

ಹೋದ ತಿಂಗಳು ಗದಗಿಗೆ ಹೋದಾಗ ಮಾಮಾಗೆ ಒಂದು ಮಾತು ಹೇಳಿದೆ. ನಾವು ದಿನವೂ ಬಳಸುವ ‘ಬಾಕಿ’ ಅರಬ್ಬಿಯಿಂದ ಬಂದ ಪದ, ಅಲ್ಲಿ ಅದಕ್ಕೆ ‘ಉಳಿದದ್ದು’ ಎಂಬ ಅರ್ಥದ ಜೊತೆಗೆ ‘ಎಂದೆಂದಿಗೂ ಉಳಿಯುವುದು’ ಎಂಬ ಅರ್ಥವೂ ಇದೆ ಎಂದೆ. ಅವರು ಜೋರಾಗಿ ನಕ್ಕರು. ಆಮೇಲೆ ಒಳಗೆ ಹೋಗಿ ಒಂದು ಹಳೆಯ ಫೈಲು ತಂದು ತೋರಿಸಿದರು. ಆ ಮೂರು ಕಚೇರಿಗಳ ಬಿಲ್ಲಿನ ಕಾರ್ಬನ್ ಪ್ರತಿಗಳು ಅದರಲ್ಲಿ ಹಾಗೇ ಇದ್ದವು, ದಿನಾಂಕದ ಪ್ರಕಾರ ಜೋಡಿಸಿ, ಒಂದೊಂದಕ್ಕೂ ಕ್ರಮಸಂಖ್ಯೆ ಹಾಕಿ.

ನನ್ನ ಬಿಲ್ಲು ಇನ್ನೂ ಬಂದಿಲ್ಲ. ಈ ಸಲ ಕಚೇರಿಗೆ ಬರೆದ ಪತ್ರದಲ್ಲಿ ಯಾವಾಗ ಕೊಡುತ್ತೀರಿ ಎಂದು ಕೇಳಲಿಲ್ಲ. ನನಗಿಂತ ಮುಂದೆ ಎಷ್ಟು ಬಿಲ್ಲುಗಳಿವೆ, ನನ್ನ ಸಂಖ್ಯೆ ಎಷ್ಟು ಎಂದು ಕೇಳಿದ್ದೇನೆ.